ಖಾಲಿ ಹೊಟ್ಟೆಯ ಶುಕ್ರವಾರ

ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ. ಬೆಳ್ಳಾರೆ, ಸವಣೂರು, ಕಡಬದ ಕಡೆಯಿಂದ ಮೊದಲ ಬಸ್ಸು ಹಿಡಿದು ಬಂದವರು ಬಾಗಿಲು ತೆರೆಯುವ ಮೊದಲೇ ಬೆಂಚಿನ ಮೇಲೆ ಕೂತಿರುತ್ತಾರೆ. ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದರೆ ನಮ್ಮ ಜನ ನೀರನ್ನೂ ಮುಟ್ಟದೆ ಬರುತ್ತಾರೆ. ಮೈಯಲ್ಲಿ ನೀರಿಲ್ಲದಿದ್ದರೆ ನರ ಒಳಗೆ ಅಡಗಿ ಕೂರುತ್ತದೆ. ಚುಚ್ಚಿದ ಕಡೆಯೇ ಮತ್ತೆ ಚುಚ್ಚಬೇಕು.

"ನೀರು ಕುಡೀಬಹುದು ಅಂತ ಹೇಳಿದ್ದೆ ಅಲ್ವಾ ಮಾರಾಯ್ರೆ?"

"ಹೇಳಿದ್ರಿ ಮೇಡಂ. ಆದ್ರೂ ಹೆದರಿಕೆ. ರಿಪೋರ್ಟ್ ಎಲ್ಲಿಯಾದ್ರೂ ತಪ್ಪು ಬಂದ್ರೆ ಎಂತ ಮಾಡುದು?"

ಹೀಗೆ ಹೆದರಿದವರು ರಿಪೋರ್ಟ್ ಕೈಗೆ ಬಂದ ಮೇಲೆ ಇನ್ನೂ ಹೆದರುತ್ತಾರೆ. ಕೆಲವು ವಾರ ಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಬೆಳಿಗ್ಗೆ ಎದ್ದು ನಡೆಯುತ್ತಾರೆ. ಆಮೇಲೆ ಹೆದರಿಕೆ ಹಳತಾಗುತ್ತದೆ. ಯಾರದೋ ಮದುವೆಯಲ್ಲಿ ಹೋಳಿಗೆ ತಿಂದು, ಮತ್ತೆ ಬಂದು ನನ್ನ ಮುಂದೆ ತೋಳು ಚಾಚುತ್ತಾರೆ. ನಾನು ಬೈಯುತ್ತೇನೆ. ಬೈಯುವುದರಲ್ಲಿ ನನಗೆ ಒಳ್ಳೆಯ ಹೆಸರುಂಟು.

ಹೆದರಿಕೆ ಹಳತಾಗದ ಒಬ್ಬಳನ್ನು ಮಾತ್ರ ನಾನು ಕಂಡಿದ್ದೇನೆ. ಅವಳು ನನ್ನ ಅಮ್ಮ.

ನಾವು ಕೊಂಕಣಿ ಮಾತಾಡುವ ಕ್ರೈಸ್ತರು. ಅಪ್ಪ ಬೇಗ ಹೋದ ಮೇಲೆ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಡಿಲಿನ ಮೊರದಂಥ ಬೀಡಿಯ ತಡ್ಪೆ ಬದಿಗಿಟ್ಟು, ಶಿಲುಬೆಯ ಮುಂದೆ ಮೊಣಕಾಲೂರಿ ಜಪಸರ ಹೇಳಬೇಕು. ಅವಳ ಕಣ್ಣು ಮುಚ್ಚಿರುತ್ತಿತ್ತು. ಆದರೂ ನಾನು ಹಿಮ್ಮಡಿಯ ಮೇಲೆ ಕೂತರೆ ಅವಳಿಗೆ ಗೊತ್ತಾಗುತ್ತಿತ್ತು. ಕೊಂಕಣಿಯಲ್ಲಿ ಮಗಳನ್ನು ಕರೆಯುವಂತೆ ನನ್ನನ್ನು ಬಾಯೆ ಎಂದು ಕರೆದು, "ದೇವರು ನೋಡ್ತಾ ಇದ್ದಾರೆ" ಎನ್ನುತ್ತಿದ್ದಳು. ಬೆಲ್ಲ ಕದ್ದರೂ ಅದೇ ಮಾತು, ಸುಳ್ಳು ಹೇಳಿದರೂ ಅದೇ ಮಾತು. ಬೇರೆ ಮಕ್ಕಳನ್ನು ಗುಮ್ಮ ಹೆದರಿಸುತ್ತಿದ್ದರೆ ನಮ್ಮ ಮನೆಯಲ್ಲಿ ಆ ಕೆಲಸವೂ ದೇವರದ್ದೇ. ನಮ್ಮಲ್ಲಿ ಪಾದ್ರಿಯ ಬಳಿ ಪಾಪ ಒಪ್ಪಿಕೊಳ್ಳುವುದಕ್ಕೆ ಕುಮ್ಸಾರ್ ಎನ್ನುತ್ತಾರೆ. ಅದಿಲ್ಲದೆ ಸತ್ತವರಿಗೆ ನರಕವೇ ಗತಿ ಎಂದು ನಂಬಿದ್ದ ಅಮ್ಮ ತಿಂಗಳು ತಪ್ಪದೆ ಕುಮ್ಸಾರಿಗೆ ಹೋಗುತ್ತಿದ್ದಳು. ಇಡೀ ದಿನ ಬೀಡಿ ಕಟ್ಟುವವಳಿಗೆ ಪಾಪ ಮಾಡಲು ಪುರುಸೊತ್ತು ಯಾವಾಗ ಸಿಗುತ್ತಿತ್ತೋ ನನಗೆ ತಿಳಿಯದು.

ನನ್ನ ಗಂಡ ಇದಕ್ಕೆ ತದ್ವಿರುದ್ಧ. ಪಿಕಪ್ ಓಡಿಸುತ್ತಿದ್ದ, ಕಡಬದಿಂದ ರಬ್ಬರ್ ಶೀಟು ಹೇರಿಕೊಂಡು ಹೋಗುತ್ತಿದ್ದ. ಪಾದ್ರಿಯ ಪ್ರಸಂಗದ ಹೊತ್ತಿಗೆ ಇಗರ್ಜಿಯಲ್ಲಿ ತೂಕಡಿಸುತ್ತಿದ್ದ. ಈಸ್ಟರಿಗೆ ಮೊದಲು ನಾನು ಎಳೆದುಕೊಂಡು ಹೋದರೆ ಕುಮ್ಸಾರ್, ಇಲ್ಲದಿದ್ದರೆ ಅದೂ ಇಲ್ಲ. ಅಮ್ಮ ಗೊಣಗಿದರೆ ನಗುತ್ತಿದ್ದ. "ಪೇಪರ್ ಸರಿ ಉಂಟಾ ಅಂತ ನೋಡ್ಲಿಕ್ಕೆ ದೇವರು ಎಂತ, ಆರ್‌ಟಿಒನಾ ಅತ್ತೆ?" ಎನ್ನುತ್ತಿದ್ದ. ಅಮ್ಮ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ಆದರೂ ಅವನಿಗೆ ಮೀನಿನ ನಡುವಿನ ತುಂಡನ್ನೇ ಬಡಿಸುತ್ತಿದ್ದಳು.

ಕಲ್ಲುಗುಂಡಿಯ ಹತ್ತಿರ ಒಂದು ತಿರುವಿನಲ್ಲಿ ಅವನ ಗಾಡಿ ಮಗುಚಿತು. ಸುಳ್ಯದ ಆಸ್ಪತ್ರೆಗೆ ತರುವಾಗಲೇ ಜೀವ ಇರಲಿಲ್ಲವಂತೆ. ಶವಾಗಾರದ ಹೊರಗೆ ನಾನು ಗೋಡೆಗೆ ಒರಗಿ ನಿಂತಿದ್ದೆ. ಅಮ್ಮ ಆಟೋದಿಂದ ಇಳಿದು ನೇರ ನನ್ನ ಹತ್ತಿರ ಬಂದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ನನ್ನ ಎರಡೂ ತೋಳು ಹಿಡಿದು ಕೇಳಿದಳು.

"ಬಾಯೆ, ಅವ ಕುಮ್ಸಾರ್ ಮಾಡಿದ್ದು ಯಾವಾಗ?"

ಆ ವರ್ಷ ಈಸ್ಟರಿಗೆ ಅವನು ಪಿಕಪ್ ತೆಗೆದುಕೊಂಡು ಬಾಡಿಗೆಗೆ ಹೋಗಿದ್ದ. ಅಮ್ಮನಿಗೆ ನನ್ನ ಮುಖದಲ್ಲೇ ಗೊತ್ತಾಯಿತು. "ಯೇ ದೇವಾ" ಎಂದು ನೆಲದ ಮೇಲೆ ಕುಸಿದಳು. ಅವನು ಸತ್ತದ್ದಕ್ಕೆ ಅತ್ತಳೋ, ಹೋದ ಜಾಗಕ್ಕೆ ಅತ್ತಳೋ, ಇವತ್ತಿಗೂ ತಿಳಿಯದು. ನನಗೆ ಅಳು ಬರಲಿಲ್ಲ. ಅಂದು ಬಾರದ್ದು ಮಣ್ಣು ಕೊಡುವಾಗಲೂ ಬರಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ರಕ್ತ ತೆಗೆದೆ, ಅನ್ನ ಬೇಯಿಸಿದೆ, ಭಾನುವಾರ ಇಗರ್ಜಿಗೆ ಹೋದೆ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಪರಮಪ್ರಸಾದಕ್ಕೆ ಎಲ್ಲರೂ ಸಾಲಾಗಿ ಹೋಗುವಾಗ ಮಾತ್ರ ಬೆಂಚಿನಲ್ಲೇ ಉಳಿದೆ. ಕುಮ್ಸಾರ್ ಮಾಡದೆ ಅದನ್ನು ಸ್ವೀಕರಿಸಬಾರದು ಎಂದು ಅಮ್ಮನೇ ಕಲಿಸಿದ್ದು. ಕುಮ್ಸಾರಿಗೆ ಹೋದರೆ ಏನಾದರೊಂದಕ್ಕೆ ದುಃಖವಾಗಿದೆ ಎಂದು ಹೇಳಬೇಕು. ನನಗೆ ಯಾವುದಕ್ಕೂ ದುಃಖವಾಗುತ್ತಿರಲಿಲ್ಲ. ಸುಳ್ಳು ಹೇಳಲು ಅಷ್ಟು ದೂರ ಹೋಗಿ ಮೊಣಕಾಲೂರಬೇಕೇ?

"ನಿನಗೆ ದೇವರ ಭಯ ಇಲ್ವಾ?" ಎಂದು ಅಮ್ಮ ಮನೆಗೆ ಬರುವ ದಾರಿಯಲ್ಲಿ ಕೇಳುತ್ತಿದ್ದಳು.

"ಇಲ್ಲ."

"ನಾಳೆ ನಿನಗೆ ಎಂತಾದ್ರೂ ಆದ್ರೆ?"

"ಆಗ್ಲಿ. ಅವ ಇರುವಲ್ಲಿಗೆ ಹೋಗ್ತೇನೆ."

ಶವಾಗಾರದ ಹೊರಗೆ ಕೇಳಿದ ಆ ಪ್ರಶ್ನೆಯನ್ನು ಅಮ್ಮ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಾನು ಕಾದಿದ್ದೆ. ದೇವರು ಕ್ಷಮಿಸುತ್ತಾನೋ ಇಲ್ಲವೋ ಆಮೇಲಿನ ಮಾತು. ಅಮ್ಮ ಒಮ್ಮೆ, ಒಮ್ಮೆಯಾದರೂ, ಅವನನ್ನು ನರಕದ ಬಾಗಿಲಿನಿಂದ ಈಚೆ ಕರೆದರೆ ಸಾಕಿತ್ತು. ಅವಳು ಕರೆಯಲಿಲ್ಲ. ಪ್ರತಿ ಸಂಜೆ ಜಪಸರದ ಕೊನೆಗೆ ಅವನ ಆತ್ಮಕ್ಕೆಂದು ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳಿ ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರು ಕೇಳಿದರೆ ಎದ್ದು ಹೋಗಬೇಕೆನಿಸುತ್ತಿತ್ತು.

ಇಗರ್ಜಿಗೆ ಹೊಸದಾಗಿ ಬಂದ ಫಾದರ್ ಎಳೆಪ್ರಾಯದವರು. ಪ್ರತಿ ಪ್ರಸಂಗದಲ್ಲೂ ಪ್ರೀತಿ, ಪ್ರೀತಿ. ಹೆದರಿ ಇಗರ್ಜಿಗೆ ಬರಬೇಡಿ, ಪ್ರೀತಿಯಿಂದ ಬನ್ನಿ ಎನ್ನುತ್ತಿದ್ದರು. ಮೊದಲಿದ್ದ ಮುದುಕ ಫಾದರ್ ನರಕದ ಬೆಂಕಿಯನ್ನು ಕಣ್ಣಾರೆ ಕಂಡವರ ಹಾಗೆ ವರ್ಣಿಸುತ್ತಿದ್ದರು. ಅಮ್ಮನಿಗೆ ಹಳಬರೇ ಸರಿ. "ಇವರು ಎಲ್ಲರನ್ನೂ ಬಿಟ್ಟು ಬಿಡ್ತಾರೆ" ಎಂದು ಅವಳ ದೂರು. ನನಗೆ ಇಬ್ಬರೂ ಒಂದೇ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಅದರ ಕೆಳಗೆ ಯಾರೋ ಮಾತಾಡುತ್ತಿದ್ದರು.

ಹೋದ ಮಳೆಗಾಲದಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಎಡಗೈ, ಎಡಗಾಲು, ಬಾಯಿಯ ಎಡಭಾಗ ಬಿದ್ದುಹೋದವು. ಮಾತು ನಿಧಾನಕ್ಕೆ ಮರಳಿತು. ನುಂಗುವುದು ಮಾತ್ರ ಕಷ್ಟವೇ ಆಗಿ ಉಳಿಯಿತು. ಗಂಜಿಯನ್ನು ದಪ್ಪಗೆ ಮಾಡಿ, ಕೂರಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕೊಡಬೇಕು, ಬಾಯಿ ಒಣಗಲು ಬಿಡಬಾರದು ಎಂದು ಡಾಕ್ಟರ್ ಹೇಳಿದ್ದರು.

ಇಗರ್ಜಿಗೆ ಬರಲಾಗದವರ ಮನೆಗಳಿಗೆ ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಬರುತ್ತದೆ. ನಮ್ಮ ಕಡೆಗೆ ಕಾನ್ವೆಂಟಿನ ಒಬ್ಬರು ಸಿಸ್ಟರ್ ಸ್ಕೂಟರಿನಲ್ಲಿ ಬರುತ್ತಾರೆ. ಕುತ್ತಿಗೆಗೆ ತೂಗುಹಾಕಿದ ಪುಟ್ಟ ಚೀಲದೊಳಗೆ ಒಂದು ಡಬ್ಬಿ, ಅದರೊಳಗೆ ಒಸ್ತಿ. ಒಸ್ತಿಯೆಂದರೆ ಗೋಧಿಯ ತೆಳ್ಳಗಿನ ಬಿಳಿ ಅಪ್ಪ. ಪೂಜೆಯಲ್ಲಿ ಆಶೀರ್ವಾದವಾದ ಮೇಲೆ ನಮಗೆ ಅದು ಸಾಕ್ಷಾತ್ ಯೇಸುವಿನ ಶರೀರ. ಅಮ್ಮ ತಿಂಗಳಿಡೀ ಆ ಶುಕ್ರವಾರಕ್ಕಾಗಿ ಬದುಕಿರುತ್ತಿದ್ದಳು. ಸಾಯುವ ಮೊದಲು ಕೊನೆಯ ಬಾರಿ ಅದು ನಾಲಿಗೆಯ ಮೇಲೆ ಇರಬೇಕು, ಇಲ್ಲದಿದ್ದರೆ ತನ್ನ ಗತಿಯೂ ಅಳಿಯನದ್ದೇ ಎಂಬುದು ಅವಳ ಲೆಕ್ಕಾಚಾರ.

ಅವಳ ಬಾಲ್ಯದಲ್ಲಿ ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟಬಾರದು ಎಂದಿತ್ತಂತೆ. ಆ ಕಟ್ಟಳೆ ಹೋಗಿ ಎಷ್ಟೋ ಕಾಲವಾಯಿತು. ನೀರಿಗಂತೂ ಯಾರಿಗೂ ಅಡ್ಡಿಯಿಲ್ಲ, ಕಾಯಿಲೆಯವರಿಗೆ ಗಂಜಿಗೂ ಮದ್ದಿಗೂ ಅಡ್ಡಿಯಿಲ್ಲ. ಸಿಸ್ಟರ್ ಹೇಳಿದರು, ಫಾದರ್ ಬಂದು ಹೇಳಿದರು. "ಅವರು ಹೇಳ್ತಾರೆ. ಮೇಲೆ ಹೋದ ಮೇಲೆ ಕೇಳುದು ಅವರನ್ನಲ್ಲ, ನನ್ನನ್ನು" ಎಂದಳು ಅಮ್ಮ. ಲ್ಯಾಬಿನ ಬೆಂಚಿನವರನ್ನು ಬೈದು ಒಪ್ಪಿಸಿದವಳಿಗೆ ಮನೆಯವಳನ್ನು ಒಪ್ಪಿಸಲಾಗಲಿಲ್ಲ.

ಆ ಶುಕ್ರವಾರವೂ ಅವಳು ನೀರು ಮುಟ್ಟಿರಲಿಲ್ಲ, ಬಿಪಿಯ ಮಾತ್ರೆಯನ್ನೂ ನುಂಗಿರಲಿಲ್ಲ. ನಾನು ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಮೇಣದಬತ್ತಿ ಹಚ್ಚಿದೆ. ಸಿಸ್ಟರ್ ಬಂದು ಪ್ರಾರ್ಥಿಸಿ, ಒಸ್ತಿಯನ್ನು ಮುರಿದು ಉಗುರಿನಷ್ಟು ಚೂರನ್ನು ಅಮ್ಮನ ನಾಲಿಗೆಯ ಮೇಲಿಟ್ಟರು. ನಾನು ಚಮಚದಲ್ಲಿ ನೀರು ಹಿಡಿದರೆ ಅಮ್ಮ ತಲೆ ಅಲ್ಲಾಡಿಸಿ ಬೇಡವೆಂದಳು. ಅವಳು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ಸಿಸ್ಟರ್ ಮುಂದಿನ ಮನೆಗೆ ಹೊರಟರು.

ಸ್ಕೂಟರಿನ ಸದ್ದು ದೂರವಾಗುವಾಗ ಅಮ್ಮನಿಗೆ ಕೆಮ್ಮು ಬಂತು. ಒಣಗಿದ ಬಾಯಿಯಲ್ಲಿ ಚೂರು ಅಂಗುಳಿಗೆ ಅಂಟಿಕೊಂಡಿತ್ತು. ಮುಖ ಕೆಂಪಾಯಿತು, ಬಲಗೈ ಗಾಳಿಯಲ್ಲಿ ಆಡಿತು. ನಾನು ಅವಳನ್ನು ಮುಂದಕ್ಕೆ ಬಾಗಿಸಿ ಬೆನ್ನು ತಟ್ಟಿ, ಗಲ್ಲದ ಕೆಳಗೆ ಅಂಗೈ ಹಿಡಿದೆ. ಜೊಲ್ಲು, ಕಫ, ಅದರ ನಡುವೆ ಆ ಬಿಳಿ ಚೂರು ನನ್ನ ಅಂಗೈಗೆ ಬಿತ್ತು.

ಅಮ್ಮನಿಗೆ ಉಸಿರು ಬಂತು. ಆಮೇಲೆ ನನ್ನ ಕೈ ನೋಡಿದಳು. ಅಂಥ ಹೆದರಿಕೆಯನ್ನು ನಾನು ಯಾವ ಬೆಂಚಿನ ಮೇಲೂ ಕಂಡಿರಲಿಲ್ಲ.

"ಉಗಿದೆ. ನಾನು ದೇವರನ್ನು ಉಗಿದೆ" ಎಂದಳು.

ಹೀಗಾದರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಕಡೆ ಗಿಡದ ಬುಡಕ್ಕೆ ಹಾಕಬೇಕು. ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದು. ಆದರೆ ಹಾಗೆ ಮಾಡಿದರೆ ಅಮ್ಮ ಸಾಯುವವರೆಗೂ ಆ ಗಿಡವನ್ನೇ ನೋಡುತ್ತಾ ಮಲಗುತ್ತಿದ್ದಳು. ಇದನ್ನೆಲ್ಲ ಈಗ ಯೋಚಿಸಿ ಬರೆಯುತ್ತಿದ್ದೇನೆ, ಆಗ ಏನೂ ಯೋಚಿಸಲಿಲ್ಲ. ದಿನವೂ ಕೈಗವಸು ಹಾಕಿ ಊರಿನವರ ಕಫದ ಡಬ್ಬಿ ಹಿಡಿಯುವವಳು ನಾನು. ಅಂದು ಬರಿಗೈಯನ್ನು ಬಾಯಿಗೆ ತಂದು, ಅದರಲ್ಲಿದ್ದದ್ದನ್ನು ನುಂಗಿದೆ.

ಅಮ್ಮ ದಂಗಾಗಿ ನೋಡಿದಳು.

"ಬಾಯೆ, ನೀನು ಕುಮ್ಸಾರ್ ಮಾಡಿಲ್ಲ."

"ಇಲ್ಲ."

"ಹೆದರಿಕೆ ಆಗ್ಲಿಲ್ವಾ?"

"ಎಂತದ್ದಕ್ಕೆ? ನಿನ್ನ ಎಂಜಲು ತಾನೆ."

ನಾನು ಸೆರಗಿನಿಂದ ಅವಳ ಗಲ್ಲ ಒರೆಸಿದೆ. ಆಮೇಲೆ ಅವಳು ನನಗೋ ತನಗೋ ಎಂಬಂತೆ ಹೇಳಿದಳು.

"ಸಣ್ಣದಿರುವಾಗ ನೀನು ಉಗಿದದ್ದೆಲ್ಲ ನಾನೇ ತಿಂದದ್ದು. ಎಷ್ಟು ತಿಂದಿದ್ದೇನೋ."

"ಹ್ಞೂಂ."

"ಆಗ ನನಗೂ ಹೆದರಿಕೆ ಇರ್ಲಿಲ್ಲ." ಬಲಗೈ ಚಾಚಿ, "ನೀರು ಕೊಡು" ಎಂದಳು.

ಸಿಸ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. "ಅಮ್ಮ ನೀರು ಕುಡಿದ್ರಾ?" ಎಂದು ಮಾತ್ರ ಕೇಳಿದರು.

ನಾನು ಮಾಡಿದ್ದಕ್ಕೆ ಪ್ರೀತಿ ಎಂದು ಹೆಸರಿಡಲು ನನಗೆ ನಾಚಿಕೆ. ಫಾದರ್ ಹೇಳುವ ಪ್ರೀತಿ ಎದೆ ತುಂಬಿ ಬರುವಂಥದ್ದು, ನನ್ನ ಎದೆಯಲ್ಲಿ ಏನೂ ಇರಲಿಲ್ಲ. ಅಮ್ಮನ ಮೇಲೆ ಸಿಟ್ಟು ಕೂಡ ಹಾಗೆಯೇ ಇತ್ತು. ಭಯವಂತೂ ಇರಲಿಲ್ಲ. ಭಯವಿದ್ದಿದ್ದರೆ ಎದ್ದು ಹೋಗಿ ನೀರಿನ ಲೋಟ ತರುತ್ತಿದ್ದೆ, ಕಟ್ಟಳೆ ಸರಿಯಾಗಿ ನಡೆಯುತ್ತಿತ್ತು, ಅಮ್ಮ ಒಬ್ಬಳೇ ನಡುಗುತ್ತಾ ಕೂತಿರುತ್ತಿದ್ದಳು.

ಮುಂದಿನ ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ನಾನು ಬಿಳಿ ಬಟ್ಟೆ ಹಾಸುತ್ತಿದ್ದೆ. ಮಂಚದಿಂದ ಅಮ್ಮನ ಸ್ವರ ಬಂತು.

"ಬಾಯೆ, ಗಂಜಿ ಉಂಟಾ?"

ಕೈಯಲ್ಲಿದ್ದ ಬಟ್ಟೆ ಅಲ್ಲಿಗೇ ನಿಂತಿತು. ಒಳಗೆ ಹೋಗಿ ಗಂಜಿ ಬಿಸಿ ಮಾಡಿ ತಂದೆ. ದಿಂಬು ಕೊಟ್ಟು ಕೂರಿಸಿ, ಮೊದಲು ಮಾತ್ರೆ ಪುಡಿಮಾಡಿ ಕೊಟ್ಟೆ, ಆಮೇಲೆ ಚಮಚ ಚಮಚವಾಗಿ ಗಂಜಿ. ಅವಳು ನಿಧಾನಕ್ಕೆ ನುಂಗಿದಳು. ಅರ್ಧ ಬಟ್ಟಲಾಗುವಾಗ ನನ್ನ ಕೈಯನ್ನು ಬಲಗೈಯಿಂದ ತಡೆದಳು.

"ಅವ ಆ ದಿನ ಬೆಳಿಗ್ಗೆ ಎಂತಾದ್ರೂ ತಿಂದು ಹೋಗಿದ್ನಾ?"

ನಾನು ಚಮಚವನ್ನು ಬಟ್ಟಲಿಗೆ ಇಳಿಸಿದೆ.

"ತಿಂದಿದ್ದ. ನೀರುದೋಸೆ, ಹಿಂದಿನ ದಿನದ ಮೀನಿನ ಸಾರು."

"ಹೊಟ್ಟೆ ತುಂಬ?"

"ಹೊಟ್ಟೆ ತುಂಬ."

"ಹಾಗಾದ್ರೆ ಆಯ್ತು" ಎಂದಳು ಅಮ್ಮ.

ಸುಳ್ಯದ ಆ ಗೋಡೆಗೆ ಒರಗಿ ನಿಂತಾಗ ಬಾರದ ಅಳು ಆಗ ಬಂತು. ಬಟ್ಟಲು ಮಡಿಲಲ್ಲಿಟ್ಟುಕೊಂಡು ಅತ್ತೆ. ಅಮ್ಮ ಸುಮ್ಮನಿರು ಎನ್ನಲಿಲ್ಲ. ನನ್ನ ಅಳು ಮುಗಿಯುವವರೆಗೆ ಕಾದು, ಉಳಿದ ಗಂಜಿಗೆ ಬಾಯಿ ತೆರೆದಳು.