ಸಮುದ್ರವಿಲ್ಲದ ಪ್ರವಾಸ

ಓಣಿಯವರಿಗೆಲ್ಲ ಅವಳು ಬಣ್ಣದಕ್ಕ. ಮಹಡಿ ಮೆಟ್ಟಿಲ ಕೆಳಗಿನ ಕೋಣೆಯೇ ಅವಳ ಅಂಗಡಿ. ನಿಂತರೆ ಮೆಟ್ಟಿಲು ತಲೆಗೆ ತಾಗುತ್ತದೆ, ಹಾಗಾಗಿ ಎಂಥ ದೊಡ್ಡ ಬೆಟ್ಟವಾದರೂ ಕೂತೇ ಬಿಡಿಸುತ್ತಾಳೆ. ಪ್ರವಾಸ ಹೋಗಿ ಬಂದವರು ಫೋಟೊ ತಂದುಕೊಟ್ಟರೆ ಗೋಡೆಗೆ ಹಾಕುವಂಥ ಚಿತ್ರ ಮಾಡಿಕೊಡುವುದು ಅವಳ ಕಸುಬು. ಹೊಟ್ಟೆ ಕರಗಿಸುವುದು, ಬೋಳು ತಲೆಗೆ ಕೂದಲು ತರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಗಿರಾಕಿಯೊಬ್ಬರು ಗೋಗರೆದರೆಂದು ಅವರ ಭಾವನನ್ನೇ ಜಲಪಾತದ ಪಕ್ಕದಿಂದ ಮಾಯ ಮಾಡಿದ್ದೂ ಉಂಟು. ಆದರೆ ಇಲ್ಲದ ನಗುವನ್ನು ಮಾತ್ರ ಹಾಕುತ್ತಿರಲಿಲ್ಲ. ಹಿಂದೊಮ್ಮೆ ಹಾಗೆ ಹಾಕಿಕೊಟ್ಟಾಗ ಆ ಮನೆಯ ಮಗುವೇ ಇದು ಯಾರೆಂದು ಕೇಳಿತ್ತು. ಅಂದಿನಿಂದ ಆ ಸಹವಾಸಕ್ಕೆ ದೊಡ್ಡ ನಮಸ್ಕಾರ.

ಪಕ್ಕದ ಅಂಗಡಿಯ ಟೈಲರಮ್ಮ ಬಂದು ಕೇಳಿದ್ದು ಅದನ್ನೇ. ಅವರ ಯಜಮಾನರು ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು. ಜನ್ಮವೆಲ್ಲ ಬಸ್ಸಿನಲ್ಲೇ ಕಳೆದಾಯಿತು, ಇನ್ನೆಲ್ಲಿಗೆ ಹೋಗುವುದು ಎಂದು ರಾಗ ಎಳೆಯುತ್ತಿದ್ದವರ ತಲೆ ತಿಂದು ಟೈಲರಮ್ಮ ಸಮುದ್ರ ನೋಡಲು ಹೊರಡಿಸಿದ್ದರು. ಮದುವೆಯಾದ ಮೇಲೆ ಇಬ್ಬರೇ ಹೋದ ಮೊದಲ ಪ್ರವಾಸ. ಒಬ್ಬರ ಫೋಟೊ ಇನ್ನೊಬ್ಬರು ತೆಗೆದಿದ್ದರಿಂದ ಒಂದರಲ್ಲೂ ಜೊತೆಗಿಲ್ಲ. ಇಬ್ಬರನ್ನೂ ಸಮುದ್ರದ ಮುಂದೆ ನಿಲ್ಲಿಸಿಕೊಡಬೇಕು ಎಂದ ಟೈಲರಮ್ಮ, ಆಮೇಲೆ ದನಿ ತಗ್ಗಿಸಿದರು.

"ಅವ್ರ ಮುಖಕ್ಕೆ ಒಂಚೂರು ನಗು ಹಾಕಮ್ಮ. ನನ್ನ ಕಾಟಕ್ಕೆ ಬಂದ್ರು ಅಷ್ಟೆ, ಅವ್ರಿಗೇನೂ ಖುಷಿ ಆಗ್ಲಿಲ್ಲ. ಗೋಡೆ ಮೇಲಾದ್ರೂ ಖುಷಿಯಾಗಿರ್ಲಿ."

ಹೇಳುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಆಗುವುದಿಲ್ಲ ಎನ್ನಲು ಬಣ್ಣದಕ್ಕನಿಗೆ ಬಾಯಿ ಬರಲಿಲ್ಲ. ನೋಡೋಣ ಎಂದು ಫೋಟೊಗಳ ಲಕೋಟೆ ಇಟ್ಟುಕೊಂಡಳು.

ಟೈಲರಮ್ಮ ತೆಗೆದ ಫೋಟೊಗಳಲ್ಲಿ ಕಂಡಕ್ಟರು ದೀಪಸ್ತಂಭದ ಮುಂದೆ, ಹೋಟೆಲ್ ಬೋರ್ಡಿನ ಮುಂದೆ, ಎಲ್ಲೆಲ್ಲೂ ಮುಖ ಗಂಟು ಹಾಕಿಕೊಂಡು ನಿಂತಿದ್ದರು. ಉರಿಬಿಸಿಲಿಗೆ ಎದುರಾಗಿ ನಿಲ್ಲಿಸಿದರೆ ಪಾಪ, ಇನ್ನೇನು ಮಾಡಿಯಾರು. ಸಮುದ್ರದ ಫೋಟೊ ತೆಗೆಯುವ ಕೆಲಸವನ್ನು ಟೈಲರಮ್ಮ ಅವರಿಗೇ ವಹಿಸಿದ್ದರಂತೆ. ಸರಿ, ಸಮುದ್ರದಿಂದಲೇ ಶುರು ಮಾಡೋಣ ಎಂದು ಬಣ್ಣದಕ್ಕ ಅವರು ತೆಗೆದ ಫೋಟೊಗಳನ್ನು ಹರಡಿದಳು. ಒಂದರಲ್ಲಿ ಟೈಲರಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತಿದ್ದಾರೆ. ಇನ್ನೊಂದರಲ್ಲಿ ಗಾಳಿಗೆ ಹಾರುವ ಕೂದಲಿನ ಜೊತೆ ಗುದ್ದಾಡುತ್ತಿದ್ದಾರೆ. ಮತ್ತೊಂದರಲ್ಲಿ ಬರೀ ಮುಖ, ಮೂಗಿನ ಮೇಲೆ ಮರಳು. ಸಮುದ್ರವೆಂದರೆ ಅವರ ಕಿವಿಯ ಪಕ್ಕ ಬೆರಳಗಲದ ನೀಲಿ. ಲಕೋಟೆ ಬೋರಲು ಹಾಕಿ ಕೊಡವಿದರೂ ಪೂರ್ತಿ ಅಲೆಯೊಂದು ಸಿಗಲಿಲ್ಲ.

ವಿಚಾರಿಸಿದರೆ ಟೈಲರಮ್ಮ ಹೊಲಿಗೆ ನಿಲ್ಲಿಸದೆಯೇ ಗಂಡನಿಗೆ ಮಂಗಳಾರತಿ ಮಾಡಿದರು. ಸಮುದ್ರ ತೆಗೀರಿ ಎಂದು ಹೇಳಿ ಹೇಳಿ ಬಾಯಿ ನೋಯಿತಂತೆ. ಆ ಮನುಷ್ಯನಿಗೆ ಫೋನು ನೆಟ್ಟಗೆ ಹಿಡಿಯಲೂ ಬರುವುದಿಲ್ಲವಂತೆ. ಬಣ್ಣದಕ್ಕ ತನ್ನ ಕೋಣೆಗೆ ವಾಪಸಾದಳು. ಅವಳಿಗೆ ಆ ಕಂಡಕ್ಟರ ಮೇಲೆ ಇನ್ನಿಲ್ಲದ ಅಕ್ಕರೆ ಬಂದುಬಿಟ್ಟಿತ್ತು.

ಸಮುದ್ರವನ್ನು ಹಳೇ ಕ್ಯಾಲೆಂಡರಿನಿಂದ ಎರವಲು ತಂದಳು. ಮುಂದೆ ಟೈಲರಮ್ಮನನ್ನು ನಗುನಗುತ್ತಾ ನಿಲ್ಲಿಸಿದಳು. ಕಂಡಕ್ಟರಿಗೆ ನಗು ಹಾಕಲಿಲ್ಲ. ಅವರ ಮುಖವನ್ನು ಬಿಸಿಲಿನಿಂದ ಹೆಂಡತಿಯ ಕಡೆಗೆ ತಿರುಗಿಸಿದಳು, ಅಷ್ಟೇ. ಹುಬ್ಬಿನ ಗಂಟು ತಾನಾಗಿಯೇ ಸಡಿಲವಾಯಿತು.

ಚಿತ್ರ ನೋಡಲು ಗಂಡ ಹೆಂಡತಿ ಇಬ್ಬರೂ ಬಂದರು. ನೋಡಿದ್ದೇ ಟೈಲರಮ್ಮನ ಮುಖ ಸಪ್ಪಗಾಯಿತು. ನಗು ಹಾಕಲೇ ಇಲ್ಲವಲ್ಲ, ಇವರಿಗೆ ಅಲ್ಲಿ ಬೇಜಾರಾಗಿತ್ತೆಂದು ಮನೆಗೆ ಬಂದವರಿಗೆಲ್ಲ ಗೊತ್ತಾಗುತ್ತದೆ ಎಂದು ಬಣ್ಣದಕ್ಕನ ಕಿವಿಯಲ್ಲಿ ಗೊಣಗಿದರು. ಕಂಡಕ್ಟರು ಕನ್ನಡಕ ಸರಿಮಾಡಿಕೊಂಡು, ಟಿಕೆಟ್ ತೆಗೆಯದವನನ್ನು ಹುಡುಕುವ ಹಾಗೆ ಚಿತ್ರದ ಮೂಲೆ ಮೂಲೆ ನೋಡುತ್ತಿದ್ದರು.

"ಚೆನ್ನಾಗಿದೆ. ಆದ್ರೆ ಸಮುದ್ರ ಜಾಸ್ತಿ ಆಯ್ತು," ಎಂದರು. "ಇವಳು ಚಿಕ್ಕದಾಗಿ ಕಾಣ್ತಾಳೆ. ಇಷ್ಟೊಂದು ನೀರು ನಾನಂತೂ ನೋಡ್ಲೇ ಇಲ್ಲ."

ಬೈಯಲು ಹೊರಟ ಟೈಲರಮ್ಮ ಚಿತ್ರದ ಹತ್ತಿರ ಬಾಗಿದರು. ಗಂಡನ ಮುಖ ನೋಡಿದರು, ಚಿತ್ರದಲ್ಲಿದ್ದ ಗಂಡನ ಮುಖ ನೋಡಿದರು. ಕೆನ್ನೆ ಒರೆಸಿಕೊಂಡು ಬಣ್ಣದಕ್ಕನ ಕಡೆ ತಿರುಗಿದರು.

"ಅವ್ರು ಹೇಳಿದ ಹಾಗೆ ಸಮುದ್ರ ಸ್ವಲ್ಪ ಕಮ್ಮಿ ಮಾಡಮ್ಮ."