ಎರಡು ವರ್ಷಕ್ಕೇ ತೀರಿಕೊಂಡ ಮುತ್ತಜ್ಜ

ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕಿಗೆ ಎಂಬತ್ತು ದಾಟಿತ್ತು. ಆ ದೇಶ ಇನ್ನೂ ಇಂಗ್ಲಿಷರ ಕೈಯಲ್ಲಿದ್ದಾಗಲೇ ಅವರ ಹಿರಿಯರು ಪಕ್ಕದ ಕ್ರ್ಯಾನ್‌ಬರಿ ಊರಿನ ಕಡೆ ಬೇಸಾಯ ಮಾಡಿಕೊಂಡಿದ್ದವರು. ಅಜ್ಜಿ ವರ್ಷಗಟ್ಟಲೆ ಲೈಬ್ರರಿಯಲ್ಲಿ ಕೂತು, ಹಳೆಯ ಅಚ್ಚಿನ ವಂಶಾವಳಿ ಪುಸ್ತಕಗಳಿಂದ ಅವರ ಹೆಸರುಗಳನ್ನು ಒಂದೊಂದಾಗಿ ಹೆಕ್ಕಿದ್ದರು. ಭಾನುವಾರ ಚರ್ಚಿನಲ್ಲಿ ಬಳಗವೆಲ್ಲ ಸೇರುವುದಿತ್ತು. ಅಷ್ಟರೊಳಗೆ ಎಲ್ಲವನ್ನೂ ಒಂದು ದೊಡ್ಡ ಚಾರ್ಟ್ ಮಾಡಿ ಗೋಡೆಗೆ ಹಚ್ಚಬೇಕೆಂದು ಅವರ ಆಸೆ. "ನಾನು ಹೋದ ಮೇಲೆ ಇವರನ್ನು ಯಾರೂ ಹುಡುಕುವುದಿಲ್ಲ" ಎಂದಿದ್ದರು.

ನಾನೋ, ಡೇಟಾಬೇಸ್ ಪಂಡಿತ. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳು ಕೆಡದಂತೆ ನೋಡಿಕೊಳ್ಳುವ ವೈಟುಕೆ ಕೆಲಸ ಮುಗಿಸಿ ಜಗತ್ತನ್ನೇ ಉಳಿಸಿದೆನೆಂಬ ಗತ್ತು ಬೇರೆ. "ಡೋಂಟ್ ವರಿ ಮ್ಯಾಮ್, ಇದೆಷ್ಟರ ಕೆಲಸ!" ಎಂದುಬಿಟ್ಟೆ. ಗಿರಾಕಿಗಳ ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರು ಹುಡುಕಿ ತೆಗೆಯುವುದಕ್ಕೇ ಆಫೀಸಿನಲ್ಲಿ ನನಗೆ ಸಂಬಳ. ಇಲ್ಲಿ ನೋಡಿದರೆ, ಅಯ್ಯೋ ಶಿವನೇ, ಒಂದೇ ಅಪ್ಪ, ಒಂದೇ ಅವ್ವ, ಮಕ್ಕಳ ಸಾಲಿನಲ್ಲಿ ಮತ್ತೆ ಮತ್ತೆ ಅದೇ ಹೆಸರು! ಇಸವಿಗಳೇನೋ ಬೇರೆ ಬೇರೆ ಇದ್ದವು; ಪಾಪ, ಅಜ್ಜಿಗೆ ಕಣ್ಣು ಮಂಜಾಗಿ ತಪ್ಪು ಬರೆದಿರಬೇಕೆಂದು ಕನಿಕರಪಟ್ಟು, ಮೊದಲನೆಯವನನ್ನು ಇಟ್ಟುಕೊಂಡು ಉಳಿದವರನ್ನು ಡಿಲೀಟ್ ಮಾಡಿದೆ. ಡಿಲೀಟಾದವರ ಮಕ್ಕಳು ಮೊಮ್ಮಕ್ಕಳೆಲ್ಲ ಅವನ ಕೆಳಗೇ ಹೋಗಿ ಕೂತರು. ಶನಿವಾರ ಬೆಳಿಗ್ಗೆ ಚಾರ್ಟನ್ನು ಅವರ ಅಡುಗೆಮನೆಯ ಟೇಬಲ್ ಮೇಲೆ ಹಾಸಿ, ಶಭಾಷ್‌ಗಿರಿಗಾಗಿ ಎದೆಯುಬ್ಬಿಸಿ ನಿಂತೆ.

ಅಜ್ಜಿ ಭೂತಗನ್ನಡಿ ಹಿಡಿದು ನೋಡಿದರು. "ಎರಡು ವರ್ಷಕ್ಕೇ ತೀರಿಕೊಂಡ ಈ ಮಗುವಿಗೆ ಒಂಬತ್ತು ಮಕ್ಕಳು ಹೇಗಾದರು?"

ಜೊತೆಗೆ ಬಂದಿದ್ದ ನನ್ನ ಹೆಂಡತಿ ಮೆಲ್ಲಗೆ ಅಂದಳು: "ವೆರಿ ಗುಡ್ ರೀ. ಕೂಸು ತೊಟ್ಟಿಲದಾಗ ಇದ್ದಾಗನ ಮದುವಿ ಮಾಡಿಬಿಟ್ರಿ."

ಅಜ್ಜಿ ಚಾರ್ಟಿನಿಂದ ಕಣ್ಣೆತ್ತಲಿಲ್ಲ. ಆ ಕಾಲದಲ್ಲಿ ಕೂಸು ಸತ್ತರೆ ಮುಂದೆ ಹುಟ್ಟಿದ್ದಕ್ಕೂ ಅದೇ ಹೆಸರಿಡುತ್ತಿದ್ದರಂತೆ. ನಾನು ಒರೆಸಿಹಾಕಿದ್ದ ಒಂದೊಂದೂ ಬೇರೆ ಬೇರೆ ಮಗು. "ದೊಡ್ಡವರಾದವರನ್ನು ಎಲ್ಲರೂ ನೆನೆಯುತ್ತಾರೆ. ನಾನು ಇಷ್ಟು ವರ್ಷ ಹುಡುಕಿದ್ದು ಈ ಮಕ್ಕಳನ್ನು" ಎಂದು ಕುರ್ಚಿಯಲ್ಲಿ ಕುಸಿದರು.

ಮುಖ ಎಲ್ಲಿಟ್ಟುಕೊಳ್ಳಲಿ? ಮಾತು ಮರೆಸಲು ನಮ್ಮ ಕಡೆಯ ಪದ್ಧತಿ ಹೇಳತೊಡಗಿದೆ: ಕೂಸು ಉಳಿಯದಿದ್ದರೆ ಮುಂದಿನದಕ್ಕೆ ಯಮನಿಗೂ ಬೇಡವಾಗುವಂಥ ಹೆಸರಿಡುತ್ತಾರೆ, ಕಲ್ಲು, ತಿಪ್ಪೆ ಅಂತ. ನನ್ನದು ತಿಪ್ಪೆಯ ಹೆಸರೇ; ಆಫೀಸಿಗಾಗಿ ಎರಡಕ್ಷರಕ್ಕೆ ಕತ್ತರಿಸಿ ಸ್ಟೈಲ್ ಮಾಡಿಕೊಂಡಿದ್ದೇನೆ ಎಂದು ಹಲ್ಲು ಕಿರಿದೆ.

"ಹಾಗಾದರೆ ನಿನಗಿಂತ ಮುಂಚೆ ಹೋದ ಮಗುವಿನ ಹೆಸರೇನು?"

ಗೊತ್ತಿರಲಿಲ್ಲ. ಅಣ್ಣನೊಬ್ಬನಿದ್ದನಂತೆ ಎಂಬುದಷ್ಟೇ ಗೊತ್ತಿತ್ತು. ನಾಚಿಕೆಯಾಯಿತು.

ಅಂದೇ ಕೂತು ಆ ಮಕ್ಕಳನ್ನೆಲ್ಲ ಅವರವರ ಜಾಗಕ್ಕೆ ಸೇರಿಸಿ, ಹೊಸ ಚಾರ್ಟ್ ತೆಗೆದುಕೊಟ್ಟೆ. ಮರುದಿನ ಅದು ಚರ್ಚಿನ ಗೋಡೆಗೆ ಹೋಯಿತು. ಆ ಬೆಳಿಗ್ಗೆಯೇ ಕಾಲಿಂಗ್ ಕಾರ್ಡ್ ಹಿಡಿದು ಊರಿಗೆ ಫೋನ್ ಹಚ್ಚಿದೆ. ಅವ್ವ ಎಂದಿನಂತೆ ಊಟ, ಚಳಿ ವಿಚಾರಿಸಿದಳು.

"ಯವ್ವಾ, ಅಣ್ಣನ ಹೆಸರು ಏನಿತ್ತು?"

ಲೈನ್ ಕಟ್ಟಾಯಿತೆಂದು ನಾನು ಹಲೋ ಹಲೋ ಎಂದು ಕಿರುಚಿದೆ.

"ಇಲ್ಲೇ ಅದೀನೋ ಯಪ್ಪಾ. ಅವನ ಹೆಸರ ಬಾಯಿಲೆ ಅಂದು ಎಷ್ಟ ವರ್ಷಾತೋ. ತಡಿ, ಸ್ವಲ್ಪ ತಡಿ."

ಆಮೇಲೆ ಹೇಳಿದಳು. ಹೇಳಿದಳೇನು, ಓಣಿಯಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕರೆಯುವ ಹಾಗೆ ಜೋರಾಗಿ ಕರೆದಳು.