ಬೆನ್ನಿನ ಕಪ್ಪು

ನನ್ನ ತಂಗಿಯ ಮಗಳು ಹೆಣ ಕೊಯ್ಯುವ ಡಾಕ್ಟರು. ತಂಗಿ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಾಳೆ. "ನಿನ್ನ ರೋಗಿಗಳೇ ವಾಸಿ ಕಣೆ, ಎಷ್ಟು ಕಾಯಿಸಿದರೂ ಗೊಣಗಲ್ಲ" ಎಂದರೆ, "ಅವರು ಗೊಣಗಲ್ಲ ದೊಡ್ಡಮ್ಮ, ಹೊರಗೆ ನಿಂತ ನೆಂಟರು ಗೊಣಗ್ತಾರೆ" ಎನ್ನುತ್ತಿದ್ದಳು.

ಅವಳಿಗೆ ಕೆಲಸ ಕಲಿಸಿದ್ದು ಶವಾಗಾರದ ಹಿರಿಯ ಡಾಕ್ಟರು. ಭಾನುವಾರ ನಮ್ಮಲ್ಲೇ ಅವರ ಊಟ. ಅವಳನ್ನು 'ಮಗಳೇ' ಎನ್ನುತ್ತಿದ್ದರು, ನನ್ನನ್ನು 'ಅಕ್ಕ'. ತಟ್ಟೆಯ ಮುಂದೆ ಕೂತರೆ ಪಾಠ ಶುರು. "ಬೆನ್ನು ಕೊಯ್ದು ನೋಡದೆ ಟೇಬಲ್ ಬಿಡಬೇಡ. ಸತ್ತ ಮೇಲೆ ರಕ್ತ ಕೆಳಗಿಳಿದರೂ ಚರ್ಮ ಕಪ್ಪಾಗುತ್ತೆ, ಏಟು ಬಿದ್ದರೂ ಕಪ್ಪಾಗುತ್ತೆ. ಕೊಯ್ದು ನೀರು ಹಾಕು. ಇಳಿದ ರಕ್ತ ತೊಳೆದು ಹೋಗುತ್ತೆ, ಏಟಿನದು ಹೋಗಲ್ಲ." ಬಡಿಸುತ್ತ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಒಮ್ಮೆ ಠಾಣೆಯಲ್ಲಿ ಸತ್ತ ಗಾರೆ ಕೆಲಸದವನೊಬ್ಬನ ಹೆಣ ಬಂತು. ಮೆಟ್ಟಿಲಿಂದ ಬಿದ್ದ ಅಂತ ಪೊಲೀಸರು. ಇವರಿಬ್ಬರೂ ಸೇರಿ ನೋಡಿದರು. ಬೆನ್ನಿನ ಕಪ್ಪು ನೀರಿಗೆ ಹೋಗಲಿಲ್ಲ. "ಹೊಡೆದೇ ಕೊಂದಿದ್ದಾರೆ. ಬರಿ ಮಗಳೇ, ನಾನಿದ್ದೀನಿ" ಎಂದರಂತೆ. ಬರೆದು ರುಜು ಹಾಕಿದ್ದು ಇವಳೊಬ್ಬಳೇ.

ಅವರ ಶವಾಗಾರ ಆಸ್ಪತ್ರೆಯ ಹಿತ್ತಲಲ್ಲಿದ್ದರೂ ಇರುವುದು ಪೊಲೀಸ್ ಇಲಾಖೆಯ ಕೈಕೆಳಗೆ. ಠಾಣೆಯ ಪೊಲೀಸರ ಮೇಲಿನ ಕೊಲೆ ಕೇಸಿನ ವಿಚಾರಣೆ ಶುರುವಾಗುವ ಹೊತ್ತಿಗೆ ಇಲಾಖೆಯವರು ಹಿರಿಯರನ್ನು ಎಲ್ಲ ಶವಾಗಾರಗಳಿಗೂ ಮುಖ್ಯಸ್ಥರನ್ನಾಗಿ ಮಾಡಿದರು. ನಾವು ಪೆದ್ದರ ಹಾಗೆ ಬೀದಿಗೆಲ್ಲ ಸಿಹಿ ಹಂಚಿದೆವು.

ಕೋರ್ಟಿನಲ್ಲಿ ನಾನು ಸತ್ತವನ ತಾಯಿಯ ಪಕ್ಕ ಕೂತಿದ್ದೆ. ಹಿರಿಯರು ಕಟಕಟೆಯಲ್ಲಿ ನಿಂತು, "ಅದು ಏಟಲ್ಲ ಸ್ವಾಮಿ, ಇಳಿದ ರಕ್ತ. ಹುಡುಗಿಗೆ ಅನುಭವ ಸಾಲದು. ಸುಮ್ಮನೆ ಬೆನ್ನು ಕೊಯ್ದು ಗೊಂದಲ ಮಾಡಿದ್ದಾಳೆ" ಎಂದರು. ಇವಳ ಕಡೆ ತಿರುಗಿಯೂ ನೋಡಲಿಲ್ಲ.

ಪೊಲೀಸರು ಬಿಡುಗಡೆಯಾದರು. ಹೊರಗೆ ಇವಳು ಆ ತಾಯಿಯ ಕೈ ಹಿಡಿಯಲು ಹೋದಳು. ಆಕೆ ಕೊಡವಿಕೊಂಡಳು. "ಬಿಡಮ್ಮ ಸಾಕು. ನೀವೆಲ್ಲ ಒಂದೇ ಮನೆಯವರು. ಒಬ್ಬರು ಹೌದಂತೀರಿ, ಒಬ್ಬರು ಅಲ್ಲಂತೀರಿ. ಹೋದವನು ನನ್ನ ಮಗ."

ಸಂಜೆ ಹಿರಿಯರ ಫೋನು. ಇವಳು ಎತ್ತಲಿಲ್ಲ, ನಾನೇ ಎತ್ತಿದೆ.

"ಅಕ್ಕ, ಮಗಳು ಏನಾದ್ರೂ ತಿಂದ್ಲಾ? ಮನಸ್ಸಿಗೆ ಹಚ್ಕೋಬೇಡ ಅನ್ನಿ. ಕೆಲಸ ಅಂದ್ಮೇಲೆ ಇದೆಲ್ಲ ಇದ್ದಿದ್ದೇ. ಭಾನುವಾರ ಬರ್ತೀನಿ."

"ಯಾವ ಬಾಯಲ್ಲಿ ಉಣ್ಣೋಕೆ ಬರ್ತೀರಪ್ಪ? ಇಲ್ಲಿ ಪಾಠ ಹೇಳಿದ ಬಾಯಲ್ಲೋ, ಅಲ್ಲಿ ಸಾಕ್ಷಿ ಹೇಳಿದ ಬಾಯಲ್ಲೋ?"

ಅವರು ಫೋನು ಇಟ್ಟುಬಿಟ್ಟರು. ಇವಳು ಬೆಳಗಿನ ಡ್ಯೂಟಿಗೆ ಬಿಳಿ ಕೋಟನ್ನು ಇಸ್ತ್ರಿ ಮಾಡುತ್ತಿದ್ದಳು. ನಾಳೆಯ ಹೆಣಕ್ಕೂ ಅವರಿಬ್ಬರೇ ಅಂತೆ. ಟೇಬಲ್ಲಿನ ಆಚೆ ಅವರು, ಈಚೆ ಇವಳು.